ಬೆಳಕು ಹಿಡಿದವಳು ಆರಿಸಿದ ಬೋರ್ಡು

ಉಗಾರ ಬುದ್ರುಕ
ಶುಕ್ರವಾರ, ೩ ಅಕ್ಟೋಬರ್ ೨೦೦೮

ಚಿಕ್ಕೋಡಿಯ ಸಿದ್ದಲಿಂಗ ಅವರಿಗೆ ಸೀಮಾಳ ನಮಸ್ಕಾರ.

ನಿಮ್ಮ ಹೆಸರು ಬರೆದೆ. ಮದುವೆಯಾಗಿ ಹದಿನೈದು ವರ್ಷವಾಯಿತು, ಬಾಯಿಂದ ಒಮ್ಮೆಯೂ ಬಂದಿಲ್ಲ. ಒಂಬತ್ತು ವರ್ಷ ನಿಮ್ಮ ಮನೆಯಲ್ಲಿ ‘ರೀ’ ಎಂದೆ. ಆರು ವರ್ಷದಿಂದ ಅಣ್ಣನ ಮನೆಯಲ್ಲಿ ‘ಅವರು’ ಎನ್ನುತ್ತಿದ್ದೇನೆ. ಹೆಸರು ಬರೆದರೆ ಏನೋ ಆಗಿಬಿಡುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ, ಪೆನ್ನು ಮುಂದಕ್ಕೆ ಹೋಯಿತು.

ಕ್ಷೇಮ ಸಮಾಚಾರ ಆಮೇಲೆ. ಒಂದು ಪ್ರಶ್ನೆ ಕೇಳಬೇಕಾಗಿದೆ. ಕಂಪ್ಯೂಟರಿಗೆ ಯಾವ ಮದರ್‌ಬೋರ್ಡು ತೆಗೆದುಕೊಳ್ಳಲಿ?

ನಗಬೇಡಿ. ಶೇಡಬಾಳದಲ್ಲಿ ಟೈಪಿಂಗ್ ಕಲಿಸುತ್ತಿದ್ದ ಸಂಸ್ಥೆ ಮುಚ್ಚಿತು. ನಾನು ನಾಲ್ಕು ವರ್ಷ ಅಲ್ಲಿ ಹುಡುಗಿಯರಿಗೆ ಕನ್ನಡ ಟೈಪಿಂಗ್ ಹೇಳಿಕೊಟ್ಟೆ, ಅದು ನಿಮಗೆ ಗೊತ್ತಿರಲಾರದು. ಮುಚ್ಚುವಾಗ ಅವರು ಬಾಕಿ ಸಂಬಳದ ಬದಲು ಒಂದು ಹಳೆಯ ಕಂಪ್ಯೂಟರಿನ ಪೆಟ್ಟಿಗೆ, ದಪ್ಪ ಬೆನ್ನಿನ ಮಾನಿಟರು ಮತ್ತು ಕರಕರ ಎಂದು ಸೂಜಿ ಹೊಡೆಯುವ ಪ್ರಿಂಟರು ಕೊಟ್ಟು ಕೈತೊಳೆದುಕೊಂಡರು. ಪೆಟ್ಟಿಗೆ ಬಿಚ್ಚಿ ನೋಡಿದೆ. ಒಳಗಿನ ಬೋರ್ಡು ಸತ್ತಿದೆ. ಕೆಪಾಸಿಟರುಗಳ ತಲೆ ಉಬ್ಬಿ ಕಂದು ರಸ ಸೋರಿದೆ. ಮಿಕ್ಕದ್ದೆಲ್ಲ ಜೀವಂತ.

ಈಗ ಅವಸರ ಯಾಕೆಂದರೆ, ಶೇಡಬಾಳದ ಹೈಸ್ಕೂಲಿನ ಹೆಡ್‌ಮಾಸ್ತರು ರಾಜಾರಾಮ ಸರ್ ಒಂದು ಕೆಲಸದ ಆಸೆ ತೋರಿಸಿದ್ದಾರೆ. ಸುತ್ತಲಿನ ಎಂಟು ಶಾಲೆಗಳು ಸೇರಿ ಒಂದೇ ಪ್ರಶ್ನೆಪತ್ರಿಕೆ ಮಾಡಿಸುತ್ತವೆ. ಕೆಲವು ಕನ್ನಡ ಶಾಲೆ, ಕೆಲವು ಮರಾಠಿ. ಒಂದೇ ಹಾಳೆಯಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ ಬೇಕು. ಅದನ್ನು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದುಕೊಟ್ಟರೆ ಪ್ರತಿ ಶಾಲೆಯವರೂ ತಮ್ಮ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬೇಕಾದಷ್ಟು ತೆಗೆದುಕೊಳ್ಳುತ್ತಾರೆ. ಸರ್ ಅಂದದ್ದು ಇಷ್ಟು: “ದಸರಾ ದಿನ ಸಂಜೀಕ ಬನ್ನಿ ಕೊಡಾಕ ಉಗಾರಕ್ಕ ಬರತೇನ್ರಿ ಬಾಯಾರ. ಒಂದ ಸ್ಟೆನ್ಸಿಲ್ ತಗದು ತೋರಸ್ರಿ. ತೋರಿಸಿದ್ರ ಮುಂದಿನ ಕೆಲಸೆಲ್ಲಾ ನಿಮ್ದು. ಇಲ್ಲಂದ್ರ ಸಾಂಗ್ಲಿ ಪ್ರೆಸ್ಸಿಗೆ ಕೊಟ್ಟಬಿಡತೇನಿ, ಆಮ್ಯಾಲ ನನಗ ಬೈಬ್ಯಾಡ್ರಿ.”

ಈ ಕೆಲಸ ಸಿಕ್ಕರೆ ಶೇಡಬಾಳದ ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿಯುತ್ತೇನೆ. ಅಣ್ಣನ ಮನೆಯಲ್ಲಿ ನನ್ನನ್ನು ಹೊರೆ ಎಂದು ಯಾರೂ ಅಂದಿಲ್ಲ. ಅನ್ನದೆ ಇರುವುದಕ್ಕೂ ಒಂದು ಸದ್ದಿದೆ, ಊಟದ ಹೊತ್ತಿಗೆ ಕೇಳಿಸುತ್ತದೆ.

ಮೀರಜಿನ ಅಂಗಡಿಯವನು ಚೀಟಿಯಲ್ಲಿ ಎರಡು ಬೋರ್ಡುಗಳ ಹೆಸರು ಬರೆದು ಕಳಿಸಿದ್ದಾನೆ. ಎರಡರಲ್ಲೂ ಚಿತ್ರ ತೋರಿಸುವ ಭಾಗ ಬೋರ್ಡಿನ ಮೈಯಲ್ಲೇ ಇದೆ, ಅದಕ್ಕಾಗಿ ಬೇರೆ ಕಾರ್ಡು ಕೊಳ್ಳಬೇಕಿಲ್ಲ. ನನ್ನ ಕೈಗೆ ಎಟುಕುವುದು ಅಂಥದ್ದೇ. ಒಂದು ಹೊಸತು, ಒಂದು ಹಳೆಯದು. ಯಾವುದು?

ನಾಳೆಯೇ ಮೀರಜಿಗೆ ಹೋಗುತ್ತಿದ್ದೇನೆ. ಈ ಕಾಗದ ನಿಮಗೆ ಮುಟ್ಟಲು ಮೂರು ದಿನ ಬೇಕು. ಉತ್ತರ ಬರುವ ಮೊದಲೇ ಉತ್ತರ ಬೇಕಾಗಿರುವ ಪ್ರಶ್ನೆ ಇದು. ಹಾಗಾದರೆ ಯಾಕೆ ಕೇಳುತ್ತಿದ್ದೀ ಎನ್ನುತ್ತೀರಿ. ನನಗೂ ಸರಿಯಾಗಿ ಗೊತ್ತಿಲ್ಲ. ನಿಮ್ಮ ಅಂಗಡಿಯ ಫಲಕದ ಮೇಲಿನ ಮೊಬೈಲ್ ನಂಬರು ನನ್ನಲ್ಲಿದೆ. ಫೋನಿನಲ್ಲಿ ನೀವೇ ಮೊದಲು ಮಾತಾಡಿಬಿಡುತ್ತೀರಿ. ಕಾಗದದಲ್ಲಿ ಹಾಗಾಗುವುದಿಲ್ಲ.

ನೀವು ಟಿ.ವಿ. ಬಿಚ್ಚಿದಾಗ ನಡುಮಧ್ಯಾಹ್ನವೂ ಒಳಗೆ ಕತ್ತಲು. “ಬ್ಯಾಟರಿ ಹಿಡಿ” ಅನ್ನುತ್ತಿದ್ದಿರಿ. ಒಂಬತ್ತು ವರ್ಷ ಆ ಟಾರ್ಚು ಹಿಡಿದೆ. ಒಂದು ಸಲ, ಒಂದೇ ಸಲ, ಈ ತಂತಿಗೆ ನಾನು ಬೆಸುಗೆ ಹಾಕಲೇ ಎಂದು ಕೇಳಿದ್ದೆ. “ಕೈ ಸುಟಗೋತಿ, ಬ್ಯಾಟರಿ ಅಷ್ಟ ನೆಟ್ಟಗ ಹಿಡಿ” ಅಂದಿರಿ. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದಲೇ ಅಂದಿರಿ. ದುರಸ್ತಿ ಮಾಡುವವನು ತನ್ನ ಬೆರಳು ಇರುವ ಜಾಗವನ್ನಷ್ಟೇ ನೋಡುತ್ತಾನೆ. ಬೆಳಕು ಹಿಡಿದವಳಿಗೆ ಇಡೀ ಪೆಟ್ಟಿಗೆ ಕಾಣುತ್ತದೆ.

ಆ ಹಳದಿ ಹಿಡಿಕೆಯ ಸ್ಕ್ರೂಡ್ರೈವರಿನ ಮಾತನ್ನು ಇಲ್ಲಿ ತರುವುದಿಲ್ಲ ಅಂದುಕೊಂಡಿದ್ದೆ. ತಂದುಬಿಟ್ಟೆ, ಇನ್ನು ಪೂರ್ತಿ ಬರೆಯುತ್ತೇನೆ. ಕೊಲ್ಲಾಪುರದ ನಿಮ್ಮ ಉಸ್ತಾದರು ಕೊಟ್ಟದ್ದು ಅದು, ತುದಿಯಲ್ಲಿ ಅಯಸ್ಕಾಂತ. ನನ್ನ ಅಣ್ಣ ಧರೆಪ್ಪ ಎರಡು ದಿನಕ್ಕೆಂದು ಚಿಕ್ಕೋಡಿಗೆ ಬಂದಿದ್ದ, ಅದೇ ಎರಡು ದಿನದಲ್ಲಿ ಅದು ಕಾಣೆಯಾಯಿತು. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. “ಪಂಪ್‌ಸೆಟ್ಟಿಗೆ ಬೇಕಾಗಿದ್ರ ಕೇಳಿ ಒಯ್ಯಬೇಕಿತ್ತಲ್ರಿ ಧರೆಪ್ಪಣ್ಣಾ” ಎಂದು ನಗುತ್ತ ಅಂದಿರಿ. ಗಿರಾಕಿಗಳೂ ನಕ್ಕರು. ಅಣ್ಣ ತನ್ನ ಚೀಲವನ್ನು ನಿಮ್ಮ ಮೇಜಿನ ಮೇಲೆ ಸುರುವಿದ: ಒಂದು ಧೋತರ, ಹಲ್ಲುಪುಡಿ, ನನಗೆಂದು ತಂದು ಕೊಡಲು ಮರೆತಿದ್ದ ದ್ರಾಕ್ಷಿಯ ಪೊಟ್ಟಣ. ನಾನು ಅದೇ ಬಸ್ಸಿಗೆ ಅವನ ಜೊತೆ ಬಂದೆ. ನೀವು ಕರೆಯಲು ಬರಲಿಲ್ಲ, ನಾನೂ ತಿರುಗಿ ಬರಲಿಲ್ಲ. ಅಷ್ಟೇ ಕಥೆ. ಅಷ್ಟೇ ಎಂದು ಆರು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಅವ್ವ ಕರೆಯುತ್ತಿದ್ದಾಳೆ. ಕಾಗದ ಇಂದು ಅಂಚೆಗೆ ಹಾಕುವುದಿಲ್ಲ.

ಭಾನುವಾರ, ೫ನೇ ತಾರೀಖು

ಬೋರ್ಡು ಬಂತು! ನನ್ನ ಟ್ರಂಕಿನ ಮೇಲೆ ಕೂತಿದೆ. ಡಬ್ಬಿ ತೆಗೆಯುವುದು, ನೋಡುವುದು, ಮುಚ್ಚುವುದು. ಬೆಳಗಿನಿಂದ ಇದು ಎಷ್ಟನೆಯ ಸಲವೋ. ಅವ್ವ ಅಂದಳು: “ಕೂಸಿಗೆ ಗಾಳಿ ಹಾಕಿದಂಗ ಮಾಡಾಕತ್ತಿಯಲ್ಲ ಬೇ.”

ನಿನ್ನೆ ಬೆಳಗಿನ ಪ್ಯಾಸೆಂಜರಿಗೆ ಅಕ್ಕುತಾಯಿ ಬಾಯಿಯವರ ಜೊತೆ ಹೋದೆ. ಅವರು ಮರಾಠಿ ಶಾಲೆಯ ನಿವೃತ್ತ ಶಿಕ್ಷಕಿ, ಪ್ರಶ್ನೆಪತ್ರಿಕೆಯ ಮರಾಠಿ ಭಾಗ ತಿದ್ದಿಕೊಡುವವರು ಅವರೇ. ಗಾಡಿ ಕೃಷ್ಣೆಯ ಕಡೆಯ ಕಬ್ಬು ದಾಟುವಾಗ ಅವರು ಹಾದಿಯುದ್ದಕ್ಕೂ ನನಗೆ ಪಾಠ ಮಾಡಿದರು. “ಅಂಗಡ್ಯಾಂವ ಏನ ತೋರಿಸಿದ್ರೂ ಚಲೋ ಐತಿ ಅನಬ್ಯಾಡ. ಮಾರಿ ಗಂಟ ಹಾಕ್ಕೋ.” ನಾನು ಕಿಟಕಿಯಲ್ಲಿ ಮುಖ ಗಂಟು ಹಾಕಿ ನೋಡಿಕೊಂಡೆ. ನಗು ಬಂತು.

ಅಂಗಡಿಯವನ ಹೆಸರು ರೂಪೇಶ. ಮೂವತ್ತರ ಆಸುಪಾಸು, ಬೆರಳಿಗೆ ಮೂರು ಉಂಗುರ. ನಮ್ಮಿಬ್ಬರ ಹಿಂದೆ ಬಾಗಿಲ ಕಡೆ ನೋಡಿ ಮರಾಠಿಯಲ್ಲಿ ಕೇಳಿದ: “ವಹಿನಿ, ಮಾಲಕ ಕುಠೆ ಆಹೇತ?” ಅತ್ತಿಗೆ, ಯಜಮಾನರು ಎಲ್ಲಿ ಎಂದು. ಅಕ್ಕುತಾಯಿ ಬಾಯಿ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. “ಮಾಲಕೀಣ ಇಥಂಚ ಉಭೀ ಆಹೆ.” ಯಜಮಾನಿ ಇಲ್ಲೇ ನಿಂತಿದ್ದಾಳೆ. ಅವನು ನಕ್ಕು, ತನ್ನ ತಾಯಿ ಕಾಗವಾಡದವಳೆಂದು ಹೇಳಿ, ಕನ್ನಡಕ್ಕೆ ಇಳಿದ.

“ಇದ ನೋಡ್ರಿ ವೈನಿ, ಹೊಸಾ ಮಾಲು. ಗ್ರಾಫಿಕ್ಸ್ ಬೋರ್ಡಿನ್ಯಾಗ ಐತಿ, ಭಾಳ ಸ್ಟ್ರಾಂಗ. ಹುಡುಗೂರು ಗೇಮ್ ಆಡತಾವು. ಪಿಚ್ಚರ್ ಹಾಕಿದ್ರಿ ಅಂದ್ರ ಕಣ್ಣಿನ ಮುಂದ ನಡದಂಗ ಕಾಣತೈತಿ.”

“ನಮ್ಮಲ್ಲಿ ಗೇಮ್ ಆಡೋರಿಲ್ರಿ. ನನಗ ಅಕ್ಷರ ಕಾಣಬೇಕು.”

“ಅಕ್ಷರಾ ಯಾವುದರಾಗೂ ಕಾಣತಾವ್ರಿ!”

“ಹಂಗಾರ ಕಡಿಮೀದ ತೋರಸ್ರಿ.”

“ಅಕ್ಷರ ಕಾಣಾಕ ನನಗ ಚಾಳೀಸ ಸಾಕಪ್ಪಾ” ಎಂದು ಅಕ್ಕುತಾಯಿ ಬಾಯಿ ಕನ್ನಡಕ ಏರಿಸಿದರು.

ಹೊಸ ಬೋರ್ಡು ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಅದನ್ನು ಎತ್ತಿಕೊಂಡು ಹಿಂಬದಿಯ ಸಾಲು ನೋಡಿದೆ. ಮಾನಿಟರಿಗೆ ಜಾಗವಿತ್ತು, ಕೀಬೋರ್ಡಿಗೆ ಇತ್ತು, ಇನ್ನೂ ಏನೇನಕ್ಕೋ ಇತ್ತು. ಒಂದು ಮಾತ್ರ ಇರಲಿಲ್ಲ. ನನ್ನ ಪ್ರಿಂಟರಿನ ದಪ್ಪ ವಾಯರಿನ ತುದಿಯಲ್ಲಿ ಇಪ್ಪತ್ತೈದು ಸೂಜಿಗಳಿವೆ. ಅವು ಕೂರಲು ಇಪ್ಪತ್ತೈದು ತೂತಿನ ಉದ್ದನೆಯ ಬಾಯಿ ಬೇಕು. “ಹಳೇ ಪ್ರಿಂಟರ್ ಹಚ್ಚೋ ತೂತ ಎಲ್ಲೈತ್ರಿ ಇದರಾಗ?” ಎಂದು ಕೇಳಿದೆ.

ರೂಪೇಶ ಬೋರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ಹುಡುಕಿದ. “ಈಗ ಅದನ್ನ ಯಾರ ಕೇಳತಾರ್ರಿ. ಹೊಸಾ ಪ್ರಿಂಟರ್ ತಗೋರಿ.” ಹೊಸ ಪ್ರಿಂಟರು ಮಸಿ ಉಗುಳುತ್ತದೆ, ಮೇಣ ಕೊರೆಯುವುದಿಲ್ಲ. ಸೂಜಿ ಹೊಡೆಯುವ ಪ್ರಿಂಟರಿನ ಮಸಿಯ ಪಟ್ಟಿ ತೆಗೆದು ಮೇಣದ ಹಾಳೆ ತೂರಿಸಿದರೆ ಸೂಜಿಗಳೇ ಅಕ್ಷರ ಕೊರೆಯುತ್ತವೆ. ಅದನ್ನು ವಿವರಿಸಿದೆ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಮ್ಮ ಮಾತು ನಿಲ್ಲಿಸಿ ಕೇಳಿದರು. ಆರು ವರ್ಷದ ಹಿಂದಿನ ಆ ಮೂವರು ಯಾಕೋ ನೆನಪಾದರು.

ಆಗ ಅವನು ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದ. ಚೀಟಿಯಲ್ಲಿದ್ದ ಹಳೆಯ ಬೋರ್ಡು ಅದೇ. ಎರಡು ವರ್ಷದ ಹಿಂದಿನ ಮಾಲು. ಗ್ರಾಫಿಕ್ಸ್ ಬೋರ್ಡಿನಲ್ಲೇ ಇದೆ, ಆದರೆ ಬಡಪಾಯಿ. ಮೆಮರಿ ಕೂರಿಸಲು ಎರಡು ಸಾಲು. ಹಿಂಬದಿಯಲ್ಲಿ ನೇರಳೆ ಬಣ್ಣದ ಉದ್ದ ಬಾಯಿ. ಎಣಿಸಿದೆ. ಇಪ್ಪತ್ತೈದು.

ಅಕ್ಕುತಾಯಿ ಬಾಯಿ ಹೇಳಿದ್ದೆಲ್ಲ ಮರೆತು “ಇದss ನನ್ನದು” ಅಂದುಬಿಟ್ಟೆ. ಮುಖ ಗಂಟು ಹಾಕಿರಲಿಲ್ಲ. ಅವರು ಸೊಂಟಕ್ಕೆ ಚಿವುಟಿದರು, ಇನ್ನೂ ನೋಯುತ್ತಿದೆ. ಒಂದು ಅಂಗಡಿಯಲ್ಲಿ ನಿಂತು ಯಾರ ಮುಖವನ್ನೂ ನೋಡದೆ ಇದು ಬೇಕು ಎಂದದ್ದು ನನಗೆ ನೆನಪಿರುವಂತೆ ಇದೇ ಮೊದಲು. ಸೀರೆಯನ್ನೂ ಹಾಗೆ ತೆಗೆದುಕೊಂಡಿಲ್ಲ.

ದುಡ್ಡು ಕೊಡುವ ಮೊದಲು ಕೆಪಾಸಿಟರುಗಳ ತಲೆಯ ಮೇಲೆ ಬೆರಳಾಡಿಸಿ ಸಪಾಟಾಗಿವೆಯೇ ನೋಡಿದೆ. ಬ್ಯಾಟರಿ ಕೊಡಿ ಎಂದು ಕೇಳಿ ಸಂದಿಗಳಲ್ಲಿ ಬೆಳಕು ಬಿಟ್ಟೆ. ರೂಪೇಶನಿಗೆ ಬೆರಗು. “ವೈನಿ, ನೀವೇನ ರಿಪೇರಿ ಮಾಡತೀರೇನ್ರಿ?” ಎಂದ. ಇಲ್ಲ, ನಾನು ಬ್ಯಾಟರಿ ಹಿಡಿಯುವವಳು ಅಂದೆ. ಅವನಿಗೆ ಅರ್ಥವಾಗಲಿಲ್ಲ, ನಿಮಗೆ ಆಗುತ್ತದೆ.

ಒಂದು ಮಾತು ಅವನು ಹೇಳಿದ್ದು ತಲೆಯಲ್ಲಿ ಉಳಿದಿದೆ. ಇಂಥ ಬೋರ್ಡಿನಲ್ಲಿ ಚಿತ್ರಕ್ಕೆಂದು ಬೇರೆ ಮೆಮರಿ ಇರುವುದಿಲ್ಲವಂತೆ. ನಾವು ಹಾಕಿದ ಮೆಮರಿಯಲ್ಲೇ ಸ್ವಲ್ಪ ತೆಗೆದುಕೊಂಡು ಚಿತ್ರ ತೋರಿಸುತ್ತದೆ. ಹಾಗಾಗಿ ಎಷ್ಟು ಹಾಕಿದರೂ ಲೆಕ್ಕಕ್ಕಿಂತ ಕಡಿಮೆಯೇ ಕಾಣುತ್ತದೆ. “ಗಾಬರಿ ಆಗಬ್ಯಾಡ್ರಿ, ಕಳವಾಗಿಲ್ಲ, ಚಿತ್ರಕ್ಕ ಹೋಗೈತಿ” ಅಂದ. ಗಾಡಿಯಲ್ಲಿ ವಾಪಸು ಬರುವಾಗ ಅದನ್ನೇ ಯೋಚಿಸಿದೆ. ನಿಮ್ಮ ಬಗ್ಗೆ ಆರು ವರ್ಷದಲ್ಲಿ ನಾನು ಕಟ್ಟಿಕೊಂಡ ಚಿತ್ರ ಎಷ್ಟು ನೆನಪನ್ನು ತಿಂದಿದೆಯೋ.

ಹಾರ್ಡ್ ಡಿಸ್ಕ್ ಒಯ್ದಿದ್ದೆ. ಅದನ್ನು ಅಲ್ಲೇ ಈ ಬೋರ್ಡಿಗೆ ಹಚ್ಚಿ ವಿಂಡೋಸು, ಎರಡೂ ಭಾಷೆಯ ಅಕ್ಷರ ಹಾಕಿಕೊಟ್ಟ. ಪೆಟ್ಟಿಗೆಯನ್ನೂ ತನ್ನಿ, ಜೋಡಿಸಿಕೊಡುತ್ತೇನೆ ಅಂದ. ಬೇಡ ಅಂದೆ.

ಮಂಗಳವಾರ, ೭ನೇ ತಾರೀಖು

ಹತ್ತಿತು! ಹತ್ತಿತು, ಹತ್ತಿತು. ಇನ್ನೂ ಒಂದು ಸಲ ಬರೆಯಬಹುದಿತ್ತು, ಜಾಗ ಸಾಲದು.

ಪಡಸಾಲೆಯ ನೆಲಕ್ಕೆ ಗೋಣಿಚೀಲ ಹಾಸಿ, ಮೇಲೆ ಅವ್ವನ ಹಳೆಯ ಸೀರೆ ಹಾಸಿ ಕೂತೆ. ಬೋರ್ಡಿನ ಜೊತೆ ಬಂದ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡೆ. ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ, ಚಿತ್ರಗಳು ಸಾಕಾದವು. ಬೋರ್ಡು ಕೂರುವ ಹಿತ್ತಾಳೆಯ ಪುಟ್ಟ ಕಾಲುಗಳನ್ನು ತೂತುಗಳಿಗೆ ಸರಿಯಾಗಿ ತಿರುಗಿಸಿ, ಬೋರ್ಡನ್ನು ಇಳಿಸಿ, ಅಣ್ಣನ ಪಂಪ್‌ಸೆಟ್ಟಿನ ದೊಡ್ಡ ಸ್ಕ್ರೂಡ್ರೈವರಿನಿಂದಲೇ ಆರು ಸ್ಕ್ರೂ ಬಿಗಿದೆ. ಆನೆಯಿಂದ ಸೂಜಿ ಪೋಣಿಸಿದ ಹಾಗೆ. ಪ್ರೊಸೆಸರಿನ ಮೇಲೆ ಫ್ಯಾನು ಒತ್ತುವಾಗ ‘ಟಕ್’ ಎಂದು ಸದ್ದಾಯಿತು, ಮುರಿದೇಹೋಯಿತು ಅಂದುಕೊಂಡೆ. ಅದು ಕೂತ ಸದ್ದು. ಮುರಿಯುವ ಸದ್ದಿಗೂ ಕೂರುವ ಸದ್ದಿಗೂ ಇಷ್ಟು ಕಡಿಮೆ ಅಂತರ ಇಟ್ಟವರು ಯಾರೋ.

ಬಟನ್ ಒತ್ತಿದೆ. ಫ್ಯಾನು ತಿರುಗಿತು. ಒಂದು ಸಣ್ಣ ‘ಪೀಂ’. ಆಮೇಲೆ ಮಾನಿಟರಿನ ಕಪ್ಪಿನಲ್ಲಿ ಬಿಳಿ ಅಕ್ಷರ ಸಾಲುಸಾಲಾಗಿ ಇಳಿದವು. ಬೇರೆ ಕಾರ್ಡಿಲ್ಲ, ಏನಿಲ್ಲ, ಬೋರ್ಡಿನಿಂದಲೇ ಚಿತ್ರ! ನಾನು ಕೂಗಿದೆನಂತೆ. ನನಗೆ ಗೊತ್ತಾಗಲಿಲ್ಲ. ಅಣ್ಣ ದನಕ್ಕೆ ನೀರು ಕುಡಿಸುವುದು ಬಿಟ್ಟು ಓಡಿಬಂದ. ಓಣಿಯ ಹೆಂಗಸರು ಬಂದರು. ಸಕ್ಕುಬಾಯಿ ತೆರೆದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ “ಯವ್ವಾ, ಇದು ಊರಿನ ನಕಾಶಿ ಇದ್ದಂಗ ಐತೆಲ್ಲ, ನಮ್ಮ ಮನಿ ಎಲ್ಲೈತಿ ತೋರಸು” ಅಂದಳು. ಕೆಪಾಸಿಟರುಗಳ ಗುಂಪನ್ನು ತೋರಿಸಿದೆ. “ಇಷ್ಟ ಹಂತ್ಯಾಕ ಮನಿ ಇದ್ರ ಜಗಳ ತಪ್ಪಿದ್ದಲ್ಲ” ಅಂದಳು.

ಎಲ್ಲರೂ ನೋಡಲೆಂದು ಪೆಟ್ಟಿಗೆಯ ಪಕ್ಕದ ಮುಚ್ಚಳ ತೆರೆದೇ ಬಿಟ್ಟಿದ್ದೇನೆ. ನನ್ನ ಹೆಮ್ಮೆ ಅದು, ಇರಲಿ ಒಂದೆರಡು ದಿನ.

ನಿಮ್ಮ ಉತ್ತರ ಇನ್ನು ಬೇಕಾಗಿಲ್ಲ. ಆದರೂ ಬರೆಯುವುದು ನಿಲ್ಲಿಸಲು ಮನಸ್ಸು ಬರುತ್ತಿಲ್ಲ. ಇಷ್ಟೊಂದು ಸಂತೋಷವನ್ನು ಹೇಳಿಕೊಂಡರೆ ಅರ್ಥವಾಗುವವರು ನನಗೆ ಗೊತ್ತಿರುವ ಹಾಗೆ ಒಬ್ಬರೇ. ಅದು ಅನ್ಯಾಯ, ಆದರೆ ಹಾಗಿದೆ.

ಶುಕ್ರವಾರ, ೧೦ನೇ ತಾರೀಖು

ಬುಧವಾರ ಖಂಡೇನವಮಿ. ಅವ್ವ ನಸುಕಿನಲ್ಲೇ ಪಡಸಾಲೆ ಸಾರಿಸಿ ಮಣೆ ಹಾಕಿದಳು. ಕುಡಗೋಲು, ಕಬ್ಬು ಕಡಿಯುವ ಕೊಯ್ತಾ, ದ್ರಾಕ್ಷಿ ಕತ್ತರಿ, ಅಣ್ಣನ ಪಂಪ್‌ಸೆಟ್ಟಿನ ಸಾಮಾನು, ತನ್ನ ಈಳಿಗೆ. ನಡುವೆ ನನ್ನ ಕಂಪ್ಯೂಟರು. ಹಾರ ನಾನೇ ಹಾಕಿದೆ. ಪೂಜೆಗೆ ಇಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಸರಿ, ಹೇಗೂ ದಸರೆಯ ದಿನ ಹೊಸ ಕೆಲಸ ಶುರು ಮಾಡುವುದು ಒಳ್ಳೆಯದೇ ಅಂದುಕೊಂಡು, ಮೇಣದ ಹಾಳೆ ತರಲು ಶೇಡಬಾಳಕ್ಕೆ ಹೋದೆ.

ನಿನ್ನೆ ಬೆಳಗ್ಗೆ ಪೂಜೆ ಇಳಿಸಿ ಬಟನ್ ಒತ್ತಿದರೆ ‘ಪೀಂ’ ಅಲ್ಲ, ‘ಪೀಂ…ಯ್, ಪೀಂ…ಯ್’ ಎಂದು ಉದ್ದುದ್ದ ಅಳು. ಮಾನಿಟರು ಕಪ್ಪು. ತೆರೆದ ಬದಿಯಿಂದ ಬಗ್ಗಿ ನೋಡಿದೆ. ಫ್ಯಾನಿನ ನಡುವೆ ಕುಂಕುಮದ ಬೊಟ್ಟು. ಮೆಮರಿಯ ಮೇಲೆ ಐದು ಬೆರಳಿನ ವಿಭೂತಿ. ಅದರ ಬುಡದ ಸಾಲಿನೊಳಗೆ ಅರಿಷಿಣದ ನೀರು ಇಳಿದು ಒಣಗಿ ಹಳದಿ ಗೆರೆ.

ಅವ್ವನನ್ನು ಕರೆದೆ. ಅವಳು ಬಂದು ನನ್ನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು. “ಕುಡಗೋಲಿಗೆ ಹಚ್ಚಿದೆ, ಕತ್ರಿಗೆ ಹಚ್ಚಿದೆ. ಇದಕ್ಕ ಮ್ಯಾಲ ಮ್ಯಾಲ ಹಚ್ಚಿ ಬಿಟ್ರ ಮುನಸ್ಕೊಂಡೀತು ಅಂತ ಒಳಗ ಕೈ ಹಾಕಿ ಹಚ್ಚಿದೆ ಬೇ. ನಿನ್ನ ಅನ್ನದ ಸಾಮಾನಲ್ಲೇನ ಅದು!” ಯಾರನ್ನು ಬೈಯಲಿ? ಮುಚ್ಚಳ ತೆರೆದಿಟ್ಟವಳು ನಾನು. ಅಪ್ಪನ ಕಾಲದಿಂದ ಈ ಮನೆಯಲ್ಲಿ ಯಾವ ಆಯುಧಕ್ಕೂ ಒಳಗು, ಹೊರಗು ಅಂತ ಇರಲಿಲ್ಲ.

ಸಂಜೆ ಐದಕ್ಕೆ ರಾಜಾರಾಮ ಸರ್ ಬರುತ್ತಾರೆ. ಗಂಟೆ ಹತ್ತಾಗಿತ್ತು.

ಆಗ ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ತಪ್ಪಿದ್ದರೆ ಹೇಳಿ. ವಾಯರು ಕಿತ್ತೆ. ಮೆಮರಿ ತೆಗೆದೆ. ಅದರ ಬಂಗಾರದ ಬಣ್ಣದ ಅಂಚನ್ನು ಅಕ್ಕುತಾಯಿ ಬಾಯಿಯವರ ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. ನೀವು ರಿಮೋಟಿನ ಒಳಗನ್ನು ಹಾಗೆ ತಿಕ್ಕುತ್ತಿದ್ದಿರಿ. ಅರಿಷಿಣ ಬೋರ್ಡಿನ ಅಡಿಗೂ ಇಳಿದಿದೆಯೇ ಎಂದು ನೋಡಲು ಬೋರ್ಡು ಬಿಚ್ಚಿ ಎತ್ತಿದೆ. ಅಡಿಯಲ್ಲಿ ಎರಡು ಹನಿಯ ಗುರುತು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಬಿಸಿಲಿಗೆ ಇಟ್ಟೆ. ಓಣಿಯವರೆಲ್ಲ ಬನ್ನಿಗೆ ತಯಾರಾಗುತ್ತಿದ್ದಾಗ ನಾನು ಅಂಗಳದಲ್ಲಿ ಹಪ್ಪಳ ಕಾದ ಹಾಗೆ ಬೋರ್ಡು ಕಾಯುತ್ತ ಕೂತಿದ್ದೆ.

ಮೂರು ಗಂಟೆಗೆ ಮತ್ತೆ ಕೂರಿಸಿದೆ. ಅಣ್ಣ ಎದುರು ಕೂತು ಬ್ಯಾಟರಿ ಹಿಡಿದ. ಕೊನೆಯ ಸ್ಕ್ರೂ ಅಣ್ಣನ ದಪ್ಪ ಸ್ಕ್ರೂಡ್ರೈವರಿನ ತುದಿಯಿಂದ ಜಾರಿ ಬೋರ್ಡಿನ ಅಡಿಗೆ ಹೋಯಿತು. ಅಲುಗಿಸಿದರೆ ಸದ್ದಿಲ್ಲ. ಮೂಲೆಯಲ್ಲಿ, ಬೋರ್ಡಿನ ಅಂಚಿಗೂ ಹಿಂಬದಿಯ ತಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಅದು ಅಲ್ಲಿರುವಾಗ ಕರೆಂಟು ಬಿಟ್ಟರೆ ಬೋರ್ಡು ಸುಟ್ಟು ಹೋಗುತ್ತದೆ. ಮತ್ತೆ ಎಲ್ಲ ಬಿಚ್ಚಿದರೆ ಐದು ಗಂಟೆಯೊಳಗೆ ಮುಗಿಯುವುದಿಲ್ಲ. ಅಣ್ಣನ ಬೆರಳು ಸಂದಿಗೆ ಹೋಗಲಿಲ್ಲ, ನನ್ನ ಬೆರಳೂ ಹೋಗಲಿಲ್ಲ. “ತಂಗಿ, ಸರ್‌ಗೆ ನಾ ಹೇಳತೇನಿ ತಗೋ, ಎರಡ ದಿನಾ ಟೈಮ್ ಕೊಡಂತ” ಎಂದ ಅಣ್ಣ.

ಆ ಸ್ಕ್ರೂವನ್ನು ತೆಗೆದೆ. ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಅಣ್ಣ ಬ್ಯಾಟರಿಯನ್ನು ನೆಲಕ್ಕಿಟ್ಟು ಎದ್ದು ಹೊರಗೆ ಹೋದ.

ಮೆಮರಿಯನ್ನು ಅರಿಷಿಣ ಕುಡಿದ ಸಾಲಿಗೆ ಹಾಕದೆ ಪಕ್ಕದ ಖಾಲಿ ಸಾಲಿಗೆ ಒತ್ತಿದೆ. ಬಟನ್ ಒತ್ತಿದೆ. ‘ಪೀಂ’. ಸಣ್ಣದು, ಒಂದೇ. ಬಿಳಿ ಅಕ್ಷರಗಳು ಇಳಿದವು. ಅವ್ವ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಗೆ ಮುರಿದಳು, ಈ ಸಲ ದೂರದಿಂದ.

ಪ್ರಿಂಟರಿನ ಪಟ್ಟಿ ತೆಗೆದು ಮೇಣದ ಹಾಳೆ ತೂರಿಸಿದೆ. ಅದು ಕಿರುಚಿದ ಸದ್ದಿಗೆ ಗುಬ್ಬಿಗಳು ಹಾರಿದವು. ಸರ್ ಬಂದಾಗ ಹಾಳೆ ಇನ್ನೂ ಬೆಚ್ಚಗಿತ್ತು. ಅವರು ಅದನ್ನು ಎರಡು ಕೈಯಲ್ಲಿ ಹಿಡಿದು ಪಡುವಣದ ಸೂರ್ಯನಿಗೆ ಎತ್ತಿದರು. ಕೊರೆದ ಪ್ರತಿ ಅಕ್ಷರದಿಂದಲೂ ಬೆಳಕು ಬಂತು. ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ, ಕೆಳಗೆ ಅಂಕಗಳು. ಸರ್ ಮೇಲಿಂದ ಕೆಳಗೆ ಒಂದೊಂದೇ ಪ್ರಶ್ನೆ ಓದಿದರು. ಆಮೇಲೆ “ನಾಕನೇ ಪ್ರಶ್ನೇಕ ಐದ ಮಾರ್ಕ್ಸ ಇತ್ತು, ಆರ ಹಾಕೀರಲ್ರಿ ಬಾಯಾರ” ಅಂದರು. ನಾನು ನಕ್ಕೆ, ಅವರೂ ನಕ್ಕರು. ಕೆಲಸ ನನ್ನದಾಯಿತು. ಶೇಡಬಾಳದ ಕೋಣೆ ನೋಡಲು ಸೋಮವಾರ ಹೋಗುತ್ತೇನೆ.

ಬೋರ್ಡಿನ ಒಂದು ಸಾಲು ಇನ್ನು ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ಕೆಲಸಕ್ಕೆ ಒಂದು ಸಾಕು. ಅರಿಷಿಣದ ಗೆರೆಯನ್ನು ಪೂರ್ತಿ ಒರೆಸಲು ಹೋಗಿಲ್ಲ.

ನಿಮ್ಮ ಅಂಗಡಿ ಚೆನ್ನಾಗಿ ನಡೆಯುತ್ತಿರಲಿ. ಹೊತ್ತಿನ ಊಟ ತಪ್ಪಿಸಬೇಡಿ.

ಇಂತಿ, ಈ ಕಾಗದ ಮುಗಿಸಲು ಎಂಟು ದಿನ ಹಿಡಿದ
ಸೀಮಾ

ತಾ.ಕ. ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಡಿಸಿದ್ದೇನೆ.

ಸ್ಕ್ರೂವನ್ನು ತೆಗೆದದ್ದು ನಿಮ್ಮ ಹಳದಿ ಹಿಡಿಕೆಯ ಸ್ಕ್ರೂಡ್ರೈವರಿನ ಅಯಸ್ಕಾಂತದಿಂದ. ಅದು ಆರು ವರ್ಷದಿಂದ ನನ್ನ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಮಡಿಕೆಯಲ್ಲಿತ್ತು. ಅಣ್ಣ ಒಯ್ದಿರಲಿಲ್ಲ. ನಾನು ತೆಗೆದಿದ್ದೆ. ನೀವು ಕೊಲ್ಲಾಪುರಕ್ಕೆ ಹೋದ ದಿನ ಮೂಲೆಗೆ ಬಿದ್ದಿದ್ದ ಒಂದು ರೇಡಿಯೋವನ್ನು ನಾನೇ ಬಿಚ್ಚಿ ನೋಡಬೇಕೆಂದು ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟೆ. ಮರಳಿ ಇಡುವ ಮೊದಲೇ ನೀವು ಬಂದಿರಿ. ಅಣ್ಣನ ಹೆಸರು ಹೇಳಿದಿರಿ, ಗಿರಾಕಿಗಳು ನಕ್ಕರು. ಆ ಹೊತ್ತಿಗೆ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಬಸ್ಸಿನಲ್ಲಿ ತೆರೆಯಬೇಕಿತ್ತು. ಆಮೇಲೆ ನಿಮ್ಮ ತಪ್ಪು ನನಗೆ ಬೇಕಾಯಿತು, ಅದಿಲ್ಲದಿದ್ದರೆ ನಾನು ಬಂದದ್ದಕ್ಕೆ ಕಾರಣವೇ ಇರುತ್ತಿರಲಿಲ್ಲ. ಅಣ್ಣ ಆರು ವರ್ಷ ಚಿಕ್ಕೋಡಿಯ ಸ್ಟ್ಯಾಂಡಿನಲ್ಲಿ ಇಳಿದಿಲ್ಲ. ಬಸ್ಸು ಅಲ್ಲಿ ನಿಂತರೆ ತಲೆಗೆ ಟವೆಲ್ ಹೊದ್ದುಕೊಂಡು ಕೂರುತ್ತಾನಂತೆ. ಇದನ್ನು ನಿನ್ನೆ ಅವನೇ ಹೇಳಿದ.

ನಿನ್ನೆ ಅದನ್ನು ಟ್ರಂಕಿನಿಂದ ಅವನ ಕಣ್ಣೆದುರೇ ತೆಗೆಯಬೇಕಾಯಿತು. ತೆಗೆಯದೆ ಸರ್‌ಗೆ ಎರಡು ದಿನ ಕೇಳಬಹುದಿತ್ತು. ತೆಗೆದೆ. ಸಂಜೆ ಬನ್ನಿ ಕೊಡಲು ಚಿಕ್ಕವಳಾದ ನಾನು ಅವನ ಬಳಿ ಹೋಗಬೇಕು, ಅಂಗಳದವರೆಗೂ ಹೋಗಿ ನಿಂತುಬಿಟ್ಟೆ. ಅವನೇ ಎದ್ದು ಬಂದ. ಬನ್ನಿ ಎಲೆ ನನ್ನ ಅಂಗೈಗೆ ಇಟ್ಟು “ಬಂಗಾರದಂಗ ಇರೂನು” ಅಂದ. ಮತ್ತೆ ನಾಲ್ಕು ಎಲೆ ಬೇರೆಯಾಗಿ ಇಟ್ಟು “ಇವು ಮಾವಾರಿಗೆ ಕಳಸು. ಬರದು ಕಳಸು, ಎಲ್ಲಾ ಬರದು ಕಳಸು” ಅಂದ. ನಿಮಗೆಂದು ಕೊಟ್ಟ ಆ ಎಲೆಗಳೇ ಈ ಲಕೋಟೆಯಲ್ಲಿವೆ.

ಪ್ರತಿ ಖಂಡೇನವಮಿಗೆ ನಿಮ್ಮ ಮಣೆಯ ಮೇಲೆ ಅದರ ಜಾಗವನ್ನು ಖಾಲಿ ಬಿಡುತ್ತೀರಂತೆ, ಚಿಕ್ಕೋಡಿಗೆ ಹೋಗಿಬಂದ ನಮ್ಮ ಓಣಿಯ ಬಾಳು ಹೇಳಿದ್ದ. ಸ್ಕ್ರೂಡ್ರೈವರನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ನೀವು ಬರಬೇಕು, ಮೊದಲು ಅಣ್ಣನನ್ನು ಕಾಣಬೇಕು. ನನ್ನನ್ನು ಬೈಯುವುದಿದ್ದರೆ ಅವನ ಎದುರೇ ಬೈಯಿರಿ, ಬೈಯುವ ಹಕ್ಕಿನಲ್ಲಿ ಅವನಿಗೂ ಪಾಲಿದೆ. ಆಮೇಲೆ ಶೇಡಬಾಳಕ್ಕೆ ಬನ್ನಿ. ಅರಿಷಿಣ ಕುಡಿದ ಆ ಸಾಲನ್ನು ಒಮ್ಮೆ ಬಿಚ್ಚಿ ನೋಡಬೇಕೆಂದಿದ್ದೇನೆ. ಬಿಚ್ಚುವುದು ನಾನು. ಬ್ಯಾಟರಿ ನೀವು ಹಿಡಿಯಿರಿ.